ಭಯದ ಲೆಕ್ಕ ಬೇರೆ, ಅಪಾಯದ ಲೆಕ್ಕ ಬೇರೆ

‘ಕಾಂಡೋಮ್ ಹಾಕಿದ್ದೆ ಸರ್. ಹರಿದಿರಲಿಲ್ಲ, ಜಾರಿರಲೂ ಇಲ್ಲ. ಆದರೂ ಎಚ್‌ಐವಿ ಬಂದಿರಬಹುದಾ?’ ಲೈಂಗಿಕ ರೋಗ ತಜ್ಞರಿಗೂ, ಸರ್ಕಾರಿ ಆಸ್ಪತ್ರೆಗಳ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ಕೂರುವ ಆಪ್ತಸಮಾಲೋಚಕರಿಗೂ ಇದು ಹೊಸ ಪ್ರಶ್ನೆಯಲ್ಲ. ಕೇಳುವವರು ಓದುಬರಹ ಬಾರದವರೇನಲ್ಲ. ಪದವಿ ಓದುತ್ತಿರುವವರು, ಕೆಲಸಕ್ಕೆ ಸೇರಿ ವರ್ಷ ತುಂಬದವರು, ಮದುವೆ ಗೊತ್ತಾಗಿರುವವರು ಅವರಲ್ಲಿರುತ್ತಾರೆ. ಉತ್ತರವೂ ಕಷ್ಟದ್ದಲ್ಲ: ಕಾಂಡೋಮ್ ಮೊದಲಿನಿಂದ ಕೊನೆಯವರೆಗೂ ಇದ್ದು, ಹರಿಯದೆ ಉಳಿದಿದ್ದರೆ ಎಚ್‌ಐವಿ ತಗಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ವಿಚಿತ್ರವೆಂದರೆ, ಈ ಉತ್ತರ ಕಿವಿಗೆ ಬಿದ್ದ ಮೇಲೂ ಹಲವರಿಗೆ ನಿದ್ದೆ ಬರುವುದಿಲ್ಲ. ಅವರು ಇನ್ನೊಬ್ಬ ವೈದ್ಯರ ಬಳಿ ಹೋಗಿ ಅದೇ ಪ್ರಶ್ನೆ ಕೇಳುತ್ತಾರೆ, ಇನ್ನೊಂದು ಲ್ಯಾಬಿನಲ್ಲಿ ಅದೇ ಪರೀಕ್ಷೆ ಮಾಡಿಸುತ್ತಾರೆ.

ಈ ಆತಂಕ ಹುಟ್ಟಿ ಬೆಳೆಯಲು ಪಶ್ಚಿಮ ಬೆಂಗಳೂರಿನ ಜ್ಞಾನಭಾರತಿ ಸುತ್ತಮುತ್ತಲಿನ ಪ್ರದೇಶ ಹೇಳಿ ಮಾಡಿಸಿದಂತಿದೆ. ಬೆಂಗಳೂರು ವಿಶ್ವವಿದ್ಯಾಲಯದ ಆವರಣ, ಅದರ ಹಾಸ್ಟೆಲ್‌ಗಳು, ಪಕ್ಕದಲ್ಲೇ ಕಾನೂನು ಶಾಲೆ, ಮೈಸೂರು ರಸ್ತೆಯುದ್ದಕ್ಕೂ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು; ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿಯ ಗಲ್ಲಿಗಳಲ್ಲಿ ಪಿಜಿಗಳ ಸಾಲು. ರಾಯಚೂರು, ಹಾಸನ, ವಿಜಯಪುರ, ಚಾಮರಾಜನಗರದಿಂದ ಬಂದ ಇಪ್ಪತ್ತರ ಹರೆಯದವರು ಇಲ್ಲಿ ಮೊದಲ ಸಲ ಮನೆಯವರ ಕಣ್ಣಳತೆಯಿಂದ ಆಚೆ ಇರುತ್ತಾರೆ. ಸ್ವಾತಂತ್ರ್ಯ ಸಿಕ್ಕಿರುತ್ತದೆ, ಆದರೆ ಆ ಸ್ವಾತಂತ್ರ್ಯದ ಬಗ್ಗೆ ಯಾರೊಂದಿಗೂ ಬಾಯಿಬಿಡುವ ಹಾಗಿಲ್ಲ. ಮೂವರು ಮಲಗುವ ಕೋಣೆಯಲ್ಲಿ ಫೋನ್ ಮಾಡಿ ವೈದ್ಯರನ್ನು ವಿಚಾರಿಸಲೂ ಏಕಾಂತವಿಲ್ಲ. ಉಳಿಯುವುದು ಹೊದಿಕೆಯೊಳಗೆ ಹೊಳೆಯುವ ಮೊಬೈಲ್ ಪರದೆ ಮತ್ತು ಅದು ತೋರಿಸುವ ರೋಗಲಕ್ಷಣಗಳ ಪಟ್ಟಿ.

ಆದ್ದರಿಂದ ಆ ಪರದೆ ಹೇಳದ ಕ್ರಮದಲ್ಲಿ, ಒಂದೊಂದಾಗಿ ನೋಡೋಣ.

ವೈರಸ್ ದಾಟುವುದು ಅಷ್ಟು ಸುಲಭವಲ್ಲ

ಎಚ್‌ಐವಿ ರಕ್ತ, ವೀರ್ಯ, ಯೋನಿದ್ರವ, ಗುದದ್ವಾರದ ದ್ರವ ಮತ್ತು ಎದೆಹಾಲಿನ ಮೂಲಕ ಹರಡುತ್ತದೆ. ಎಂಜಲು, ಬೆವರು, ಕಣ್ಣೀರಿನಿಂದ ಹರಡುವುದಿಲ್ಲ. ಮುತ್ತು, ಅಪ್ಪುಗೆ, ಒಂದೇ ತಟ್ಟೆಯ ಊಟ, ಒಂದೇ ಶೌಚಾಲಯ, ಸೊಳ್ಳೆ ಕಡಿತ ಯಾವುದರಿಂದಲೂ ಇಲ್ಲ. ದೇಹದಿಂದ ಹೊರಬಿದ್ದ ವೈರಸ್ ತನ್ನ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಒಣಗಿದ ದ್ರವವನ್ನು ಕೈಯಲ್ಲಿ ಮುಟ್ಟಿದ್ದಕ್ಕೆ ಎಚ್‌ಐವಿ ಬರುವುದಿಲ್ಲ.

ಇನ್ನು ರಕ್ಷಣೆಯಿಲ್ಲದ ಸಂಭೋಗದ ವಿಚಾರ. ಸಂಗಾತಿಗೆ ಎಚ್‌ಐವಿ ಇದ್ದು, ಅವರು ಚಿಕಿತ್ಸೆ ಪಡೆಯುತ್ತಿಲ್ಲ, ಕಾಂಡೋಮನ್ನೂ ಬಳಸಿಲ್ಲ ಎಂದುಕೊಳ್ಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ ಕೊಡುವ ಅಂದಾಜಿನಂತೆ, ಇಂಥ ಒಂದು ಯೋನಿ ಸಂಭೋಗದಲ್ಲಿ ಗಂಡಿಗೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ 4. ಹೆಣ್ಣಿಗೆ 10,000ಕ್ಕೆ 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅಪಾಯ ಬಹಳ ಹೆಚ್ಚು, 10,000ಕ್ಕೆ 138, ಇನ್ನೊಬ್ಬರಿಗೆ 11. ಬಾಯಿಯ ಮೂಲಕ ನಡೆಯುವ ಸಂಪರ್ಕದಲ್ಲಿ ಅಪಾಯ ಅಳತೆಗೆ ಸಿಗದಷ್ಟು ಚಿಕ್ಕದು. ಇವೆಲ್ಲ ಸರಾಸರಿಗಳು. ಜನನಾಂಗದ ಮೇಲೆ ಹುಣ್ಣಿದ್ದರೆ, ಬೇರೆ ಲೈಂಗಿಕ ಸೋಂಕಿದ್ದರೆ, ಸಂಗಾತಿಗೆ ಎಚ್‌ಐವಿ ತಗಲಿ ಕೆಲವೇ ವಾರಗಳಾಗಿದ್ದರೆ ಅಪಾಯ ಏರುತ್ತದೆ.

ಸಂಗಾತಿಗೆ ಎಚ್‌ಐವಿ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಇನ್ನೊಂದು ಗುಣಾಕಾರ ಸೇರುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) 2021ರ ಅಂದಾಜಿನಲ್ಲಿ ದೇಶದ ವಯಸ್ಕರಲ್ಲಿ ಸೋಂಕಿತರ ಪ್ರಮಾಣ ಶೇ 0.21, ಕರ್ನಾಟಕದಲ್ಲಿ ಶೇ 0.46. ಭಯಪಡುವವರ ಸಮಾಧಾನಕ್ಕೆಂದೇ ಇದನ್ನು ಹತ್ತು ಪಟ್ಟಿಗೂ ಹೆಚ್ಚಿಸಿ, ಸಂಗಾತಿಗೆ ಎಚ್‌ಐವಿ ಇರುವ ಸಾಧ್ಯತೆ ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. ಹಾಗಿದ್ದರೂ, ಕಾಂಡೋಮ್ ಇಲ್ಲದ ಒಂದು ಯೋನಿ ಸಂಭೋಗದಿಂದ ಗಂಡಿಗೆ ಸೋಂಕು ತಗಲುವ ಸಾಧ್ಯತೆ ಲಕ್ಷಕ್ಕೆ 2. ಕಾಂಡೋಮ್ ಈ ಅಪಾಯವನ್ನು ಶೇ 80ರಷ್ಟು ತಗ್ಗಿಸುತ್ತದೆ ಎಂಬ ಜಿಪುಣ ಲೆಕ್ಕವನ್ನೇ ಹಿಡಿದರೂ ಉಳಿಯುವುದು ಹತ್ತು ಲಕ್ಷಕ್ಕೆ 4.

ಜಿಪುಣ ಲೆಕ್ಕ ಎಂದಿದ್ದಕ್ಕೆ ಕಾರಣವಿದೆ. ಆ ಶೇ 80 ಎಂಬುದು ‘ಯಾವಾಗಲೂ ಬಳಸುತ್ತೇವೆ’ ಎಂದವರೆಲ್ಲರ ಒಟ್ಟು ಫಲಿತಾಂಶ. ಅದರಲ್ಲಿ ತಡವಾಗಿ ಹಾಕಿಕೊಂಡವರು, ಬೇಗ ತೆಗೆದವರು, ಹರಿದದ್ದನ್ನು ಹೇಳದವರು ಎಲ್ಲರೂ ಸೇರಿರುತ್ತಾರೆ. 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ಇನ್ನಷ್ಟು ಸ್ಪಷ್ಟ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದರು. ತಪ್ಪದೆ ಕಾಂಡೋಮ್ ಬಳಸಿದ 124 ಜೋಡಿಗಳಲ್ಲಿ, ಸುಮಾರು 15,000 ಸಂಭೋಗಗಳ ನಂತರವೂ, ಒಬ್ಬರಿಗೂ ಹೊಸ ಸೋಂಕು ತಗಲಲಿಲ್ಲ. ಒಮ್ಮೆ ಬಳಸಿ ಒಮ್ಮೆ ಬಿಟ್ಟ 121 ಜೋಡಿಗಳಲ್ಲಿ 12 ಮಂದಿಗೆ ತಗಲಿತು. ಆಗಿನ್ನೂ ಇಂದಿನ ಪರಿಣಾಮಕಾರಿ ಔಷಧಗಳು ಬಂದಿರಲಿಲ್ಲ ಎಂಬುದು ನೆನಪಿರಲಿ. ಆ ಮನೆಗಳಲ್ಲಿ ವೈರಸನ್ನು ತಡೆದದ್ದು ಕಾಂಡೋಮ್ ಮಾತ್ರ.

ರಬ್ಬರಿನ ಪೊರೆ ಎಷ್ಟು ನಂಬಿಕಸ್ಥ?

‘ಕಾಂಡೋಮಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ವೈರಸ್ ನುಸುಳುತ್ತದೆ’ ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಇನ್ನೂ ಓಡಾಡುತ್ತದೆ. ಲೇಟೆಕ್ಸ್ ಪೊರೆ ಸರಿಯಿದ್ದರೆ ಎಚ್‌ಐವಿ ಅದನ್ನು ದಾಟುವುದಿಲ್ಲ. ವೈರಸ್ ಎಷ್ಟೇ ಚಿಕ್ಕದಾದರೂ ಅದು ಒಂಟಿಯಾಗಿ ಗಾಳಿಯಲ್ಲಿ ತೇಲಿ ಬರುವುದಿಲ್ಲ, ದ್ರವದೊಳಗೆ ಇರುತ್ತದೆ. ದ್ರವವನ್ನೇ ತಡೆಯುವ ಪೊರೆಯನ್ನು ಅದು ದಾಟುವ ಬಗೆಯೇ ಇಲ್ಲ.

ನಮ್ಮ ರಾಜ್ಯದಲ್ಲೇ, ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ, ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಕಂಪನಿಯ ಕಾರ್ಖಾನೆಯಿದೆ. ಹಿಂದೆ ಹಿಂದುಸ್ತಾನ್ ಲೇಟೆಕ್ಸ್ ಎಂದು ಹೆಸರಾಗಿದ್ದ, ‘ನಿರೋಧ್’ ತಯಾರಿಸುವ ಕಂಪನಿಯೇ ಇದು. ಕಾಂಡೋಮ್ ಇಲ್ಲಿ ಸಾಬೂನು, ಬಾಚಣಿಗೆಯಂಥ ಮಾಮೂಲಿ ಸರಕಲ್ಲ. ಔಷಧ ಕಾನೂನಿನ ಅಡಿ ಗುಣಮಟ್ಟದ ಪರೀಕ್ಷೆಗೆ ಒಳಪಡುವ ವಸ್ತು. ಪ್ರತಿ ಬ್ಯಾಚಿನಿಂದ ಆರಿಸಿದ ಮಾದರಿಗಳಿಗೆ 300 ಮಿಲಿಲೀಟರ್ ನೀರು ತುಂಬಿ, ತೂಗುಹಾಕಿ, ಒಂದು ಹನಿಯಾದರೂ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಗಾಳಿ ತುಂಬಿ ಒಡೆಯುವವರೆಗೆ ಊದಿಸಿ ಬಲವನ್ನು ಅಳೆಯುತ್ತಾರೆ. ಮಿತಿ ಮೀರಿ ಸೋರಿದರೆ ಆ ಬ್ಯಾಚೇ ತಿರಸ್ಕೃತ.

ಕಾಂಡೋಮ್ ಕೈಕೊಡುವುದು ಬಹುಪಾಲು ನಾವು ಬಳಸುವ ರೀತಿಯಿಂದ. ಪರ್ಸಿನಲ್ಲಿ ತಿಂಗಳುಗಟ್ಟಲೆ ಮಡಚಿಟ್ಟುಕೊಂಡದ್ದು, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬೆಂದದ್ದು, ಅವಧಿ ಮೀರಿದ್ದು, ಹಲ್ಲಿನಿಂದ ಕಚ್ಚಿ ತೆರೆದದ್ದು ಹರಿಯುವ ಸಾಧ್ಯತೆ ಹೆಚ್ಚು. ತೆಂಗಿನೆಣ್ಣೆ, ವ್ಯಾಸಲೀನ್, ಬಾಡಿ ಲೋಶನ್‌ಗಳು ಲೇಟೆಕ್ಸನ್ನು ನಿಮಿಷಗಳಲ್ಲಿ ದುರ್ಬಲಗೊಳಿಸುತ್ತವೆ. ನೀರಿನ ಅಂಶದ ಜಾರುಕವನ್ನು ಬಳಸಬೇಕು. ಹರಿದರೆ ಸಾಮಾನ್ಯವಾಗಿ ಗೊತ್ತಾಗದೆ ಇರುವುದಿಲ್ಲ. ಒತ್ತಡಕ್ಕೆ ಬಿಗಿದ ರಬ್ಬರ್ ಬಿರಿದಾಗ ದೊಡ್ಡದಾಗಿಯೇ ಬಿರಿಯುತ್ತದೆ. ‘ಕಾಣದ ತೂತು ಇತ್ತೇನೋ’ ಎಂದು ಮಾರನೆಯ ದಿನ ಕಸದ ಬುಟ್ಟಿಯಿಂದ ತೆಗೆದು ನೀರು ತುಂಬಿ ನೋಡುವವರಿದ್ದಾರೆ. ಆ ಪರೀಕ್ಷೆಯಿಂದ ಹೊಸದಾಗಿ ತಿಳಿಯುವುದು ಏನೂ ಇಲ್ಲ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಎಚ್‌ಐವಿಯಿಂದ ಕಾಂಡೋಮ್ ಕೊಡುವಷ್ಟು ರಕ್ಷಣೆ, ಚರ್ಮದಿಂದ ಚರ್ಮಕ್ಕೆ ಹರಡುವ ಸಿಫಿಲಿಸ್, ಹರ್ಪೀಸ್, ಎಚ್‌ಪಿವಿಯಂಥ ಸೋಂಕುಗಳಿಂದ ಸಿಗುವುದಿಲ್ಲ. ಹುಣ್ಣು, ಉರಿಮೂತ್ರ, ಅಸಹಜ ಸ್ರಾವ ಕಂಡರೆ ಎಚ್‌ಐವಿ ಚಿಂತೆಯನ್ನು ಪಕ್ಕಕ್ಕಿಟ್ಟು ವೈದ್ಯರಿಗೆ ತೋರಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ‘ಸುರಕ್ಷಾ ಕ್ಲಿನಿಕ್’ಗಳಿವೆ.

ನಿಜವಾಗಿ ಹರಿದಿದ್ದರೆ: 72 ಗಂಟೆ

ಕಾಂಡೋಮ್ ಹರಿದಿದೆ, ಒಳಗೇ ಜಾರಿ ಉಳಿದಿದೆ, ಅಥವಾ ಮಧ್ಯದಲ್ಲಿ ತೆಗೆದಿದ್ದಾರೆ ಎಂದಾದರೆ ಯೋಚಿಸುತ್ತಾ ಕೂರುವ ಹೊತ್ತಲ್ಲ. ಪಿಇಪಿ ಎಂಬ ತಡೆ ಚಿಕಿತ್ಸೆಯಿದೆ. ಎಚ್‌ಐವಿ ಔಷಧಗಳನ್ನೇ 28 ದಿನ ನುಂಗುವುದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರನ್ನೂ ಸೇರಿಸಿದ, ದಿನಕ್ಕೊಂದು ಮಾತ್ರೆ ಈಗ ಬಳಕೆಯಲ್ಲಿದೆ. ಘಟನೆಯಾದ 72 ಗಂಟೆಯೊಳಗೆ ಶುರುಮಾಡಬೇಕು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಇದರಿಂದ ಪ್ರಯೋಜನವಿಲ್ಲ. ಭಾನುವಾರ ಎಂದೋ, ನಾಚಿಕೆ ಎಂದೋ ಸೋಮವಾರಕ್ಕೆ ತಳ್ಳಬಾರದು. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ‘ಪಿಇಪಿ ಬೇಕಾಗಬಹುದು’ ಎಂದು ನೇರವಾಗಿ ಹೇಳಿದರೆ ಸಾಕು. ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ಅಳೆದು ತೀರ್ಮಾನಿಸುತ್ತಾರೆ.

ಹಾಗೆಂದು ಕಾಂಡೋಮ್ ಸರಿಯಾಗಿದ್ದವರೂ ‘ಇರಲಿ, ಒಂದು ಕೋರ್ಸ್ ನುಂಗಿಬಿಡೋಣ’ ಎನ್ನಬೇಕಿಲ್ಲ. ಇಲ್ಲದ ಅಪಾಯಕ್ಕೆ ತಿಂಗಳ ಔಷಧ ಬೇಡ. ಸ್ವಂತ ಬುದ್ಧಿಯಿಂದ ಮೆಡಿಕಲ್ ಸ್ಟೋರಿನಲ್ಲಿ ಕೊಂಡು ನುಂಗುವುದಂತೂ ಬೇಡವೇ ಬೇಡ.

ಸಂಗಾತಿಗೆ ಎಚ್‌ಐವಿ ಇರುವುದು ಆಮೇಲೆ ಗೊತ್ತಾದರೂ ಎಲ್ಲ ಮುಗಿಯಿತೆಂದು ಅರ್ಥವಲ್ಲ. ಚಿಕಿತ್ಸೆ ತಪ್ಪದೆ ಪಡೆಯುತ್ತ, ರಕ್ತದಲ್ಲಿ ವೈರಸ್ ಪತ್ತೆಗೆ ಸಿಗದಷ್ಟು ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ‘ಪಾರ್ಟ್‌ನರ್-2’ ಅಧ್ಯಯನದಲ್ಲಿ ಇಂಥ ಪುರುಷ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ 76,000ಕ್ಕೂ ಹೆಚ್ಚು ಸಂಭೋಗಗಳು ದಾಖಲಾಗಿದ್ದವು. ಸಂಗಾತಿಯಿಂದ ಸಂಗಾತಿಗೆ ದಾಟಿದ ಸೋಂಕು ಸೊನ್ನೆ. ಭಾರತದಲ್ಲಿ ಈ ಔಷಧಗಳು ಸರ್ಕಾರಿ ಎಚ್‌ಐವಿ ಚಿಕಿತ್ಸಾ (ಎಆರ್‌ಟಿ) ಕೇಂದ್ರಗಳಲ್ಲಿ 2004ರ ಏಪ್ರಿಲ್‌ನಿಂದ ಉಚಿತ. ಔಷಧ ಸರಿಯಾಗಿ ತೆಗೆದುಕೊಳ್ಳುವ ಸೋಂಕಿತರು ಇಂದು ಮದುವೆಯಾಗುತ್ತಿದ್ದಾರೆ, ಸೋಂಕಿಲ್ಲದ ಮಕ್ಕಳನ್ನು ಹೆರುತ್ತಿದ್ದಾರೆ, ಎಲ್ಲರಂತೆ ವಯಸ್ಸಾಗುತ್ತಿದ್ದಾರೆ.

ಪರೀಕ್ಷೆ ಯಾವಾಗ, ಎಲ್ಲಿ, ಹೇಗೆ

ಘಟನೆ ನಡೆದ ಮೂರನೇ ದಿನಕ್ಕೇ ಲ್ಯಾಬಿಗೆ ಓಡುವುದು ಆತಂಕದಲ್ಲಿರುವವರು ಮಾಡುವ ಮೊದಲ ತಪ್ಪು. ಸೋಂಕು ತಗಲಿದ ಕೂಡಲೇ ಪರೀಕ್ಷೆಗೆ ಅದು ಸಿಗುವುದಿಲ್ಲ. ದೇಹ ಪ್ರತಿಕಾಯಗಳನ್ನು ತಯಾರಿಸಬೇಕು, ಅವು ಅಳೆಯುವ ಮಟ್ಟಕ್ಕೆ ಬರಬೇಕು. ಈ ಕಾಯುವ ಕಾಲವೇ ವಿಂಡೋ ಪೀರಿಯಡ್. ಪ್ರತಿಕಾಯವನ್ನಷ್ಟೇ ಹುಡುಕುವ ರ‍್ಯಾಪಿಡ್ ಪರೀಕ್ಷೆಗಳಿಗೆ ಇದು 23ರಿಂದ 90 ದಿನ. ವೈರಸ್ಸಿನ ಪಿ24 ಪ್ರೋಟೀನನ್ನೂ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ, ನಾಲ್ಕನೇ ತಲೆಮಾರಿನದು ಎಂದು ಲ್ಯಾಬ್‌ಗಳು ಕರೆಯುವ ಪರೀಕ್ಷೆಗೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ 18ರಿಂದ 45 ದಿನ. ವೈರಸ್ಸಿನ ವಂಶವಾಹಿಯನ್ನೇ ಹುಡುಕುವ, ಸಾವಿರಾರು ರೂಪಾಯಿಯ ಪರೀಕ್ಷೆಗೆ 10ರಿಂದ 33 ದಿನ.

ಆದ್ದರಿಂದ ಮೂರನೇ ದಿನದ ‘ನೆಗೆಟಿವ್’ ವರದಿ ಹೇಳುವುದು ಆ ಘಟನೆಗೆ ಮುಂಚಿನ ಸ್ಥಿತಿಯನ್ನು ಮಾತ್ರ. 45 ದಿನ ತುಂಬಿದ ಮೇಲೆ ಮಾಡಿಸಿದ ನಾಲ್ಕನೇ ತಲೆಮಾರಿನ ಪರೀಕ್ಷೆ ನೆಗೆಟಿವ್ ಬಂದರೆ ಅದನ್ನು ನಂಬಬಹುದು. ಯಾವ ಬಗೆಯ ಪರೀಕ್ಷೆಯೇ ಆದರೂ 90 ದಿನದ ನಂತರ ನೆಗೆಟಿವ್ ಬಂದು, ನಡುವೆ ಹೊಸ ಸಂಪರ್ಕ ಇರದಿದ್ದರೆ, ಆ ಅಧ್ಯಾಯ ಅಲ್ಲಿಗೆ ಮುಗಿಯಿತು. ಪಿಇಪಿ ತೆಗೆದುಕೊಂಡವರು ಮಾತ್ರ ಕೊನೆಯ ಮಾತ್ರೆಯ ನಂತರ ದಿನ ಎಣಿಸಬೇಕು. ಕಾಂಡೋಮ್ ಸರಿಯಿದ್ದವರಿಗೆ ವೈದ್ಯಕೀಯವಾಗಿ ಈ ಪರೀಕ್ಷೆಯ ಒತ್ತಾಯವೇ ಇಲ್ಲ. ಮನಸ್ಸಿನ ನೆಮ್ಮದಿಗೆ ಬೇಕೆನಿಸಿದರೆ ಒಂದು ಸಲ, ಸರಿಯಾದ ಸಮಯಕ್ಕೆ, ಮಾಡಿಸಬಹುದು. ಎರಡನೆಯದು ಬೇಡ.

ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್ ತಲುಪಬಹುದು. ಅಲ್ಲಿಂದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ದೂರವಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ. ಎರಡರಲ್ಲೂ ಪರೀಕ್ಷೆ ಮತ್ತು ಚಿಕಿತ್ಸೆಯ ವ್ಯವಸ್ಥೆಯಿದೆ. ಮನೆಗೆ ಹತ್ತಿರದ ಐಸಿಟಿಸಿ ಯಾವುದೆಂದು ತಿಳಿಯಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಸಾಕು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಐಸಿಟಿಸಿಯೊಳಗೆ ನಡೆಯುವುದು ಇಷ್ಟೇ. ಮೊದಲು ಆಪ್ತಸಮಾಲೋಚಕರು ಬಾಗಿಲು ಮುಚ್ಚಿ ಮಾತಾಡಿಸುತ್ತಾರೆ: ಏನಾಯಿತು, ಯಾವಾಗ, ಕಾಂಡೋಮ್ ಇತ್ತೇ, ಪರೀಕ್ಷೆಗೆ ಒಪ್ಪಿಗೆಯೇ. ಒಪ್ಪಿದರೆ ಪಕ್ಕದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾರೆ. ರ‍್ಯಾಪಿಡ್ ಕಿಟ್ ಮೇಲೆ ಕೆಲವು ಹನಿ ಬಿದ್ದ ಮೇಲೆ, ಕಿಟ್ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗುರುತು ಮೂಡಲೇಬೇಕು. ಅದು ಮೂಡದಿದ್ದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಕಂಟ್ರೋಲ್ ಮಾತ್ರ ಮೂಡಿದರೆ ‘ನಾನ್ ರಿಯಾಕ್ಟಿವ್’. ಪಕ್ಕದಲ್ಲಿ ಇನ್ನೊಂದು ಗುರುತೂ ಬಂದರೆ ‘ರಿಯಾಕ್ಟಿವ್’. ವರದಿಯನ್ನು ಕೊಡುವುದೂ ಆಪ್ತಸಮಾಲೋಚಕರೇ, ಮತ್ತೆ ಬಾಗಿಲು ಮುಚ್ಚಿ, ಪರೀಕ್ಷೆ ಮಾಡಿಸಿಕೊಂಡವರ ಕೈಗೆ. ಒಂದು ಪೈಸೆ ಖರ್ಚಿಲ್ಲ.

ಮೊದಲ ಕಿಟ್ ರಿಯಾಕ್ಟಿವ್ ಬಂದ ಮಾತ್ರಕ್ಕೆ ಎಚ್‌ಐವಿ ಎಂದು ಬರೆದುಕೊಡುವುದಿಲ್ಲ. ಬೇರೆ ಬೇರೆ ತತ್ವದ ಇನ್ನೆರಡು ಕಿಟ್‌ಗಳಲ್ಲಿ ನೋಡಿ, ಮೂರೂ ರಿಯಾಕ್ಟಿವ್ ಆದ ಮೇಲೆಯೇ ತೀರ್ಮಾನ. ಇದಕ್ಕೆ ಕಾರಣ ಸರಳ ಗಣಿತ. ಸಾಮಾನ್ಯ ಜನರಲ್ಲಿ 10,000 ಮಂದಿಯನ್ನು ಪರೀಕ್ಷಿಸಿದೆವು, ಅವರಲ್ಲಿ 20 ಮಂದಿಗೆ ನಿಜಕ್ಕೂ ಸೋಂಕಿದೆ ಎಂದುಕೊಳ್ಳಿ. ಸೋಂಕಿಲ್ಲದ ಇನ್ನೂರು ಮಂದಿಯಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ರಿಯಾಕ್ಟಿವ್ ಎನ್ನುವ ಒಳ್ಳೆಯ ಕಿಟ್ಟೇ ನಮ್ಮ ಕೈಯಲ್ಲಿದೆ ಎಂದಿಟ್ಟುಕೊಂಡರೂ, ಸುಮಾರು 50 ಜನ ಸುಳ್ಳು ರಿಯಾಕ್ಟಿವ್ ಆಗುತ್ತಾರೆ. ಒಟ್ಟು ರಿಯಾಕ್ಟಿವ್ ಆದ 70 ಜನರಲ್ಲಿ ನಿಜವಾದ ಸೋಂಕಿತರು 20 ಮಾತ್ರ! ಬೇರೆ ತತ್ವದ ಎರಡನೇ, ಮೂರನೇ ಕಿಟ್‌ಗಳು ಈ 50 ಮಂದಿಯನ್ನು ಸೋಸಿ ಹೊರಹಾಕುತ್ತವೆ. ಅಪಾಯವೇ ಇಲ್ಲದವರು ಮನಬಂದಂತೆ ಖಾಸಗಿ ಲ್ಯಾಬ್‌ಗಳಲ್ಲಿ ಹತ್ತಾರು ಸಲ ಪರೀಕ್ಷೆ ಮಾಡಿಸುತ್ತ ಹೋದರೆ ಒಂದಲ್ಲ ಒಂದು ಸಲ ಇಂಥ ಸುಳ್ಳು ಗುರುತು ಎದುರಾಗಿ, ಇದ್ದ ಆತಂಕ ಹತ್ತು ಪಟ್ಟಾಗುವ ಸಂಭವವಿದೆ.

ಜ್ವರ, ದದ್ದು, ಗಂಟಲುನೋವು

ಎಚ್‌ಐವಿ ತಗಲಿದ ಎರಡರಿಂದ ನಾಲ್ಕು ವಾರದೊಳಗೆ ಹಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಗ್ರಂಥಿಗಳ ಊತ ಕಾಣಿಸಿಕೊಳ್ಳುವುದು ನಿಜ. ಇದೇ ಲಕ್ಷಣಗಳು ಬೆಂಗಳೂರಿನ ಮಳೆಗಾಲದಲ್ಲಿ ಫ್ಲೂನಿಂದ, ಡೆಂಗಿಯಿಂದ, ಹೆಸರಿಲ್ಲದ ಹತ್ತಾರು ವೈರಲ್ ಜ್ವರಗಳಿಂದಲೂ ಬರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದದ್ದು ನೆನಪಿರಬಹುದು. ಲಕ್ಷಣ ನೋಡಿ ಎಚ್‌ಐವಿ ಇದೆ ಎನ್ನಲಾಗದು, ಲಕ್ಷಣ ಇಲ್ಲವೆಂದು ಎಚ್‌ಐವಿ ಇಲ್ಲ ಎನ್ನಲೂ ಆಗದು. ಮೂರು ದಿನ ಬಿಡದ ಜ್ವರಕ್ಕೆ ಮೊದಲು ಡೆಂಗಿ ಪರೀಕ್ಷೆ ಮಾಡಿಸಬೇಕು.

ಆತಂಕ ತಾನೇ ಲಕ್ಷಣಗಳನ್ನು ಹುಟ್ಟಿಸುತ್ತದೆ ಎಂಬುದು ಇನ್ನೊಂದು ತೊಡಕು. ನಿದ್ದೆಗೆಟ್ಟವರಿಗೆ ಬೆವರು, ಹೊಟ್ಟೆ ಕೆಡುವುದು, ಹಸಿವಿಲ್ಲದೆ ತೂಕ ಇಳಿಯುವುದು, ಎದೆ ಡವಗುಟ್ಟುವುದು ಎಲ್ಲವೂ ಬರುತ್ತವೆ. ದಿನಕ್ಕೆ ಇಪ್ಪತ್ತು ಸಲ ಕತ್ತಿನ ಗ್ರಂಥಿಯನ್ನು ಒತ್ತಿ ನೋಡಿದರೆ ಅದು ನೋಯದೆ ಇರುತ್ತದೆಯೇ? ಕನ್ನಡಿಯಲ್ಲಿ ನಾಲಿಗೆ ನೋಡಿ, ಅಂತರ್ಜಾಲದ ಚಿತ್ರಕ್ಕೆ ಹೋಲಿಸಿದರೆ ಯಾರ ನಾಲಿಗೆಯೂ ಆರೋಗ್ಯವಾಗಿ ಕಾಣುವುದಿಲ್ಲ.

ಕೇಳುತ್ತಿರುವ ಪ್ರಶ್ನೆ ಬೇರೆಯೇ

ಅಪಾಯ ಹತ್ತು ಲಕ್ಷಕ್ಕೆ ನಾಲ್ಕು ಎಂದು ತಿಳಿದ ಮೇಲೂ, 90ನೇ ದಿನದ ನೆಗೆಟಿವ್ ವರದಿ ಕೈಯಲ್ಲಿದ್ದರೂ, ಮನಸ್ಸು ‘ಲ್ಯಾಬಿನವರು ಮಾದರಿ ಅದಲುಬದಲು ಮಾಡಿದ್ದರೆ?’ ಎಂದು ಕೇಳುತ್ತಿದ್ದರೆ, ಅಲ್ಲಿ ಮಾತಾಡುತ್ತಿರುವುದು ವೈರಸ್ಸಿನ ಭಯವಲ್ಲ, ತಪ್ಪಿತಸ್ಥ ಭಾವ. ಮನೆಯವರಿಗೆ ಗೊತ್ತಾದರೆ, ಮದುವೆಯಾಗಲಿರುವವರಿಗೆ ಗೊತ್ತಾದರೆ, ದೇವರು ನೋಡುತ್ತಿದ್ದರೆ ಎಂಬೆಲ್ಲ ಅಳುಕಿಗೂ ಎಚ್‌ಐವಿ ಎಂಬ ಒಂದೇ ಹೆಸರು ಸಿಕ್ಕಿರುತ್ತದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತು ಕೇಳಿ ಬೆಳೆದ ಮನಸ್ಸು ಶಿಕ್ಷೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆ ಪ್ರಶ್ನೆಗೆ ರಕ್ತಪರೀಕ್ಷೆಯಲ್ಲಿ ಉತ್ತರವಿಲ್ಲ.

ಇದರಲ್ಲಿ ಸಾರ್ವಜನಿಕ ಪ್ರಚಾರದ ಪಾಲೂ ಇದೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಆಗ ಚಿಕಿತ್ಸೆ ಇರಲಿಲ್ಲ; ಹೆದರಿಸುವುದೊಂದೇ ಅಸ್ತ್ರವೆನಿಸಿತು. ತಲೆಬುರುಡೆಯ ಭಿತ್ತಿಚಿತ್ರಗಳು, ‘ಮಾರಕ ರೋಗ’ದ ಗೋಡೆಬರಹಗಳು ಆ ಕಾಲದವು. ಚಿಕಿತ್ಸೆ ಬಂದು ಎರಡು ದಶಕ ಕಳೆದರೂ ಆ ಹೆದರಿಕೆ ತಂದೆತಾಯಿಯಿಂದ ಮಕ್ಕಳಿಗೆ ದಾಟಿದೆ, ಹೊಸ ಮಾಹಿತಿ ದಾಟಿಲ್ಲ. ಎಂಬತ್ತರ ದಶಕದಲ್ಲೇ ಮನೋವೈದ್ಯರು ‘ಏಡ್ಸ್ ಫೋಬಿಯಾ’ದ ಬಗ್ಗೆ ಬರೆಯತೊಡಗಿದ್ದರು.

ಸಮಾಧಾನ ಹುಡುಕುವುದೇ ಚಟವಾಗುವುದು ಈ ಆತಂಕದ ಸ್ವಭಾವ. ಪರೀಕ್ಷೆ ಮಾಡಿಸಿದಾಗ ಎರಡು ದಿನ ನಿರಾಳ, ಮೂರನೇ ದಿನ ಹೊಸ ಅನುಮಾನ, ಮತ್ತೆ ಪರೀಕ್ಷೆ. ಪ್ರತಿ ಸುತ್ತಿನಲ್ಲೂ ನಿರಾಳದ ಅವಧಿ ಕುಗ್ಗುತ್ತ ಹೋಗುತ್ತದೆ. ಕೈ ತೊಳೆದಷ್ಟೂ ಕೊಳೆ ಕಾಣುವ ಗೀಳಿನಂತೆಯೇ ಇದು, ಚಿಕಿತ್ಸೆಯೂ ಬಹುಮಟ್ಟಿಗೆ ಅದೇ ಜಾಡಿನದು: ಅನುಮಾನ ಬಂದಾಗ ಪರೀಕ್ಷೆಗೆ ಓಡದೆ, ಹುಡುಕದೆ, ಅದನ್ನು ಹಾಗೇ ತಾಳಿಕೊಳ್ಳಲು ಕಲಿಯುವುದು, ಬೇಕಿದ್ದರೆ ಔಷಧ. ಸರಿಯಾದ ಸಮಯದ ಒಂದು ನೆಗೆಟಿವ್ ವರದಿಯ ನಂತರವೂ ವಾರಗಟ್ಟಲೆ ಓದು, ಕೆಲಸ, ಊಟ, ನಿದ್ದೆ ಕೆಟ್ಟಿದ್ದರೆ ಮುಂದಿನ ಭೇಟಿ ಲ್ಯಾಬಿಗಲ್ಲ, ಮನೋವೈದ್ಯರಿಗೆ. ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416, ದಿನದ ಯಾವ ಹೊತ್ತಿನಲ್ಲಾದರೂ ಉಚಿತ. ಬದುಕು ಬೇಡವೆನಿಸುವ ಯೋಚನೆ ಬಂದವರಂತೂ ಬೆಳಗಾಗಲೆಂದು ಕಾಯದೆ ಆ ಸಂಖ್ಯೆಗೆ ಕರೆ ಮಾಡಬೇಕು, ಪಕ್ಕದಲ್ಲಿ ಮಲಗಿರುವವರನ್ನು ಎಬ್ಬಿಸಬೇಕು.

ಗುಟ್ಟು ಕಾಯುವ ಕಾನೂನು

‘ಹೆಸರು ಬರೆದುಕೊಳ್ಳುತ್ತಾರೆ, ಕಾಲೇಜಿಗೆ ತಿಳಿಸುತ್ತಾರೆ’ ಎಂಬ ಹಿಂಜರಿಕೆಗೆ ಕಾನೂನಿನ ಉತ್ತರವಿದೆ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಕಾನೂನೇ ಹೇಳುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ಒಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಕೆಲಸಕ್ಕೆ, ಕಾಲೇಜು ಪ್ರವೇಶಕ್ಕೆ, ಚಿಕಿತ್ಸೆಗೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಒಡ್ಡುವಂತಿಲ್ಲ. ಸೋಂಕಿತರಿಗೆ ಬಾಡಿಗೆ ಮನೆ ನಿರಾಕರಿಸುವುದೂ ಕಾನೂನಿನ ಕಣ್ಣಲ್ಲಿ ತಾರತಮ್ಯ. ಈ ಕಾಯ್ದೆ ಜಾರಿಗೆ ಬರುವ ನಾಲ್ಕು ದಿನ ಮೊದಲು, ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟ್ ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತ್ತು. ಆಪ್ತಸಮಾಲೋಚಕರ ಮುಂದೆ ನಡೆದದ್ದನ್ನು ನಡೆದಂತೆ ಹೇಳಲು ಇಂದು ಯಾರೂ ಪೊಲೀಸರಿಗೆ ಹೆದರಬೇಕಿಲ್ಲ. ಹೇಳಿದಷ್ಟೂ ಅಪಾಯದ ಅಂದಾಜು ಸರಿಯಾಗುತ್ತದೆ.

ತಪ್ಪು ಸಾಲು

ಕರ್ನಾಟಕ ಈ ಸೋಂಕಿನೊಂದಿಗೆ ಸೆಣಸಿದ ಬಗೆ ಹೆಮ್ಮೆಪಡುವಂಥದ್ದೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಸಂರಕ್ಷಾ ಸಂಸ್ಥೆ, 2003ರಲ್ಲಿ ಆರಂಭವಾದ, ರಾಜಾಜಿನಗರದಲ್ಲಿ ಕಚೇರಿಯಿರುವ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುವ ಆಶೋದಯ ಸಮಿತಿ, ಇವರೆಲ್ಲ ಕಾಂಡೋಮ್ ಮತ್ತು ಪರೀಕ್ಷೆಯ ಮಾತನ್ನು ಬೀದಿಗೆ, ಬಸ್ ನಿಲ್ದಾಣಕ್ಕೆ, ಲಾರಿ ತಂಗುದಾಣಕ್ಕೆ ಒಯ್ದರು. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವಯಸ್ಸಿನ ಗರ್ಭಿಣಿಯರಲ್ಲಿ ಎಚ್‌ಐವಿ ಪ್ರಮಾಣ 2000ದಲ್ಲಿ ಶೇ 1.7 ಇದ್ದದ್ದು 2004ಕ್ಕೆ ಶೇ 1.1ಕ್ಕೆ ಇಳಿದಿತ್ತು ಎಂದು 2006ರ ಲ್ಯಾನ್ಸೆಟ್ ಅಧ್ಯಯನ ತೋರಿಸಿತು. ಆ ಇಳಿಕೆಯ ಹಿಂದಿನ ಮುಖ್ಯ ಶಕ್ತಿ ಬಹುಶಃ ಕಾಂಡೋಮ್. ಅದನ್ನು ಬಳಸಿದವರು ಅದನ್ನು ನಂಬಲೂ ಕಲಿಯಬೇಕು.

ಇನ್ನೊಂದೆಡೆ, ದೇಶದಲ್ಲಿ ಎಚ್‌ಐವಿ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ತಮಗೆ ಸೋಂಕಿರುವುದೇ ಇನ್ನೂ ಗೊತ್ತಿಲ್ಲ. ಅಂದರೆ ಪರೀಕ್ಷೆಯ ಸಾಲಿನಲ್ಲಿ ಮತ್ತೆ ಮತ್ತೆ ನಿಲ್ಲುವವರು ಅಪಾಯವಿಲ್ಲದವರು. ಕಾಂಡೋಮ್ ಬಳಸದವರು, ‘ನನಗೇನಾಗುತ್ತೆ ಬಿಡಿ’ ಎನ್ನುವವರು ಆ ಸಾಲಿನ ಹತ್ತಿರವೂ ಸುಳಿಯುವುದಿಲ್ಲ. ಮೊದಲಿನವರ ಭಯಕ್ಕೂ ಎರಡನೆಯವರ ಉಡಾಫೆಗೂ ಮೂಲ ಒಂದೇ, ಈ ವಿಷಯವನ್ನು ಯಾರೂ ಅವರೊಂದಿಗೆ ನೆಟ್ಟಗೆ ಮಾತಾಡಿಲ್ಲ.

ಕಾಲೇಜುಗಳಲ್ಲಿ ಎಚ್‌ಐವಿ ಜಾಗೃತಿಗೆಂದು ರೆಡ್ ರಿಬ್ಬನ್ ಕ್ಲಬ್‌ಗಳಿವೆ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ಜಾಥಾ, ಘೋಷಣೆ, ಪ್ರಮಾಣವಚನ ಮುಗಿಸಿ ಮನೆಗೆ ಹೋದರೆ ಕ್ಲಬ್ಬಿನ ಕೆಲಸ ಮುಗಿದಂತಲ್ಲ. ವರ್ಷಕ್ಕೆ ಎರಡು ಸಲ, ಪ್ರಾಧ್ಯಾಪಕರಿಲ್ಲದ ಕೋಣೆಯಲ್ಲಿ, ಹೆಸರು ಬರೆಯದ ಚೀಟಿಗಳಲ್ಲಿ ಪ್ರಶ್ನೆ ಕೇಳಲು ಬಿಟ್ಟು, ಒಬ್ಬ ಐಸಿಟಿಸಿ ಆಪ್ತಸಮಾಲೋಚಕರಿಂದ ಉತ್ತರ ಹೇಳಿಸಲಿ. 72 ಗಂಟೆ, 45 ದಿನ, 90 ದಿನ, 1097, 14416 ಈ ಐದು ಅಂಕಿಗಳನ್ನು ಹಾಸ್ಟೆಲ್‌ನ ಸೂಚನಾ ಫಲಕದಲ್ಲಿ, ಪಿಜಿಯ ಊಟದ ಕೋಣೆಯಲ್ಲಿ ಅಂಟಿಸಲಿ. ವಿಶ್ವವಿದ್ಯಾಲಯದ ಆವರಣದಲ್ಲೇ ತಿಂಗಳಿಗೊಮ್ಮೆ ಪರೀಕ್ಷಾ ಶಿಬಿರ ನಡೆಯಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ವಿದ್ಯಾರ್ಥಿಗಳು ವಯಸ್ಕರು ಎಂಬುದನ್ನು ಕುಲಪತಿಗಳೂ ವಾರ್ಡನ್‌ಗಳೂ ಒಪ್ಪಿಕೊಂಡರೆ ಸಾಕು.